ಎತ್ತುವುದು ಬೇರೆ, ನಿಲ್ಲಿಸುವುದು ಬೇರೆ

ಹಿಂದಿನ ಕಾಲದಲ್ಲಿ ಎತ್ತಿನ ಬಂಡಿಯುಳ್ಳ ರೈತನು ಅಚ್ಚಿಗೆ ಕೀಲೆಣ್ಣೆ ಹಾಕಬೇಕಾದಾಗ ಏನು ಮಾಡುತ್ತಿದ್ದನೆಂಬುದನ್ನು ಹಳ್ಳಿಯಲ್ಲಿ ಹುಟ್ಟಿ ಬೆಳೆದ ವಾಚಕರು ಬಲ್ಲರು. ಮೊದಲು ಎತ್ತುಗಳ ಕೊರಳು ಬಿಚ್ಚಿ ದೂರದಲ್ಲಿ ಕಟ್ಟುತ್ತಿದ್ದನು. ಆಚೆಯ ಗಾಲಿಗೆ ಹಿಂದೂ ಮುಂದೂ ಕಲ್ಲು ಕೊಡುತ್ತಿದ್ದನು. ಈಚೆಯ ಅಚ್ಚಿನಡಿಗೆ ಗಟ್ಟಿಯಾದ ಮರದ ತುಂಡನ್ನು ಆಸರೆಯಾಗಿ ನಿಲ್ಲಿಸಿದ ಮೇಲೆಯೇ ಗಾಲಿಯನ್ನು ಹೊರಕ್ಕೆ ಎಳೆಯುತ್ತಿದ್ದನು. ಮಕ್ಕಳು ಹತ್ತಿರ ಸುಳಿದರೆ ಗದರಿ ಅಟ್ಟುತ್ತಿದ್ದನು. ಅವನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೆ ಭಾರವನ್ನು ಎತ್ತುವುದು ಒಂದು ಕೆಲಸ, ಎತ್ತಿದ ಭಾರವನ್ನು ಕದಲದಂತೆ ನಿಲ್ಲಿಸುವುದು ಇನ್ನೊಂದು ಕೆಲಸ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಓದು ಬರಹ ಬಲ್ಲ ನಮಗೆ ಅದು ತಿಳಿದದ್ದು ಬಲಗೈಯ ಮಣಿಕಟ್ಟು ಮುರಿದ ಮೇಲೆ.

ಈಗ ಮೋಟಾರು ಸೈಕಲ್ಲಿಲ್ಲದ ಬೀದಿಯಿಲ್ಲ. ಅದರ ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಹವ್ಯಾಸವೂ ಗೃಹಸ್ಥರಲ್ಲಿ ಬೆಳೆಯುತ್ತಿದೆ. ಇದು ಒಳ್ಳೆಯ ಹವ್ಯಾಸವೇ ಸರಿ. ಹಣ ಉಳಿಯುವುದು, ಕೈಗೆ ಕೆಲಸ ಬರುವುದು, ತನ್ನ ವಾಹನದ ಒಳಮರ್ಮ ತನಗೆ ತಿಳಿಯುವುದು. ಈ ಹವ್ಯಾಸದ ಬೆನ್ನಿಗೇ ಗಾಡಿಯನ್ನು ನೆಲದಿಂದ ಮೇಲೆತ್ತುವ ನಾನಾ ಬಗೆಯ ಸಾಧನಗಳೂ ಮನೆಗಳಿಗೆ ಬಂದಿವೆ. ಹಿಂದೆ ಇವು ದೊಡ್ಡ ಗ್ಯಾರೇಜುಗಳಲ್ಲಿ ಮಾತ್ರ ಇರುತ್ತಿದ್ದುವು. ನುರಿತ ಮೇಸ್ತ್ರಿಗಳು ಮಾತ್ರ ಅವನ್ನು ಮುಟ್ಟುತ್ತಿದ್ದರು. ಇಂದು ಹಣ ಕಟ್ಟಿದರೆ ಡಬ್ಬದಲ್ಲಿ ಬಂದು ಬಾಗಿಲಿಗೆ ಇಳಿಯುತ್ತವೆ. ಯಂತ್ರ ಬರುವಷ್ಟು ಸುಲಭವಾಗಿ ಅದರ ವಿವೇಕ ಬರುವುದಿಲ್ಲ. ನಾವು ಪಟ್ಟ ಪಾಡು ಇತರರಿಗೆ ಬರದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಯಲ್ಲಿರುವುದು ನಮ್ಮ ತಂದೆಯವರು 1969ರಲ್ಲಿ ಕೊಂಡ ಜಾವಾ ಗಾಡಿ. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿಗಳನ್ನು ತಯಾರಿಸಲು ಆರಂಭಿಸಿತು. 1973ರಿಂದ ಅಲ್ಲಿನ ಗಾಡಿಗಳಿಗೆ ಯೆಜ್ದಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಈ ಊರಿನ ಹಲವು ಮನೆಗಳಲ್ಲಿ ಆ ಗಾಡಿಗಳನ್ನು ಇಂದಿಗೂ ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮದೂ ಅಂತಹದೇ ಒಂದು. ತಂದೆಯವರು ತೀರಿಕೊಂಡ ಮೇಲೆ ಅದನ್ನು ಪರರ ಕೈಗೆ ಕೊಡಲು ಮನಸ್ಸೊಪ್ಪದೆ ನಾವೇ ನೋಡಿಕೊಳ್ಳುತ್ತಿದ್ದೆವು. ಆದರೆ ವಯಸ್ಸು ಐವತ್ತು ದಾಟಿದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಕೆಲಸ ಮಾಡುವುದಕ್ಕೆ ಮೊಣಕಾಲುಗಳು ಒಪ್ಪಲಿಲ್ಲ. ಗಾಡಿಯನ್ನೇ ಎದೆಯ ಮಟ್ಟಕ್ಕೆ ತಂದುಕೊಂಡರೆ ಸ್ಟೂಲಿನ ಮೇಲೆ ಕುಳಿತು ಸುಖವಾಗಿ ಕೆಲಸ ಮಾಡಬಹುದೆಂದು ಒಂದು ಕತ್ತರಿ ಜ್ಯಾಕನ್ನು ತರಿಸಿದೆವು. ಕತ್ತರಿಯ ಕಾಲುಗಳಂತೆ ಒಂದಕ್ಕೊಂದು ಅಡ್ಡಲಾಗಿ ಸೇರಿದ ಉಕ್ಕಿನ ಪಟ್ಟಿಗಳು, ಮೇಲೊಂದು ಸಣ್ಣ ಹಲಗೆ, ನಡುವೆ ಒಂದು ತಿರುಪು. ತಿರುಪನ್ನು ತಿರುಗಿಸಿದರೆ ಹಲಗೆ ಮೇಲೇಳುವುದು. ಡಬ್ಬದ ಮೇಲೆ 500 ಕಿಲೋ ಎಂದು ದೊಡ್ಡದಾಗಿ ಬರೆದಿತ್ತು. ನಮ್ಮ ಗಾಡಿಯ ತೂಕ ಸುಮಾರು 130 ಕಿಲೋ. ಇನ್ನೇನು ಭಯವೆಂದು ನಿಶ್ಚಿಂತರಾದೆವು. ನಮ್ಮ ಮೊದಲನೆಯ ತಪ್ಪು ಅದೇ ಆಗಿತ್ತು.

ಒಂದು ಭಾನುವಾರ ಬೆಳಗ್ಗೆ, ಅಡುಗೆಮನೆಯ ಹಿಂದಿನ ಶೆಡ್ಡಿನಲ್ಲಿ, ಹಿಂದಿನ ಚಕ್ರವನ್ನು ಬಿಚ್ಚಿ ಟಯರು ಬದಲಾಯಿಸಲು ತೊಡಗಿದೆವು. ಜ್ಯಾಕನ್ನು ಎಂಜಿನ್ನಿನ ಕೆಳಗೆ ತಳ್ಳಿ ತಿರುಪು ತಿರುಗಿಸಲು ಗಾಡಿ ಗಣೇಶನ ಉತ್ಸವಮೂರ್ತಿಯಂತೆ ಗಂಭೀರವಾಗಿ ಮೇಲೆದ್ದಿತು. ಅದು ಸ್ವಲ್ಪ ಅಲುಗುತ್ತಿದ್ದುದರಿಂದ ಒಂಬತ್ತು ವರ್ಷದ ನಮ್ಮ ಮಗನನ್ನು ಕರೆದು, "ಹ್ಯಾಂಡಲನ್ನು ಭದ್ರವಾಗಿ ಹಿಡಿದುಕೊಂಡು ನಿಲ್ಲು" ಎಂದೆವು. ಅಪ್ಪನ ಕೆಲಸದಲ್ಲಿ ತಾನೂ ಪಾಲುದಾರನೆಂಬ ಹಿಗ್ಗಿನಿಂದ ಅವನು ಎರಡು ಕೈಗಳಿಂದಲೂ ಹಿಡಿದುಕೊಂಡನು. ಚಕ್ರದ ಅಚ್ಚಿನ ನಟ್ಟು ತುಕ್ಕು ಹಿಡಿದು ಬಿಗಿಯಾಗಿತ್ತು. ಸ್ಪ್ಯಾನರು ಹಾಕಿ ಜಗ್ಗಿದೆವು, ಕದಲಲಿಲ್ಲ. ಸ್ಪ್ಯಾನರಿನ ಹಿಡಿಗೆ ಎರಡು ಅಡಿ ಉದ್ದದ ಕಬ್ಬಿಣದ ಕೊಳವೆ ತೊಡಿಸಿ, ಉಸಿರು ಬಿಗಿಹಿಡಿದು, ಮೈಬಲವನ್ನೆಲ್ಲ ಹಾಕಿ ಮೇಲಕ್ಕೆ ಜಗ್ಗಿದೆವು. ನಟ್ಟು ತಿರುಗಲಿಲ್ಲ, ಗಾಡಿಯೇ ತಿರುಗಿತು.

ಅದು ಹೊರಳಿದ್ದು ನಮ್ಮ ಕಡೆಗಲ್ಲ, ಮಗ ನಿಂತಿದ್ದ ಕಡೆಗೆ. ನಾವು ಕೊಳವೆಯನ್ನು ಬಿಟ್ಟು ಹಿಂದಿನ ಕ್ಯಾರಿಯರನ್ನು ಹಿಡಿದೆವು. ಬೀಳುತ್ತಿರುವ ಗಾಡಿಗೆ ನಮ್ಮ ಹಿಡಿತ ಒಂದು ಲೆಕ್ಕವೇ? ಅದು ನಮ್ಮನ್ನೂ ಎಳೆದುಕೊಂಡು ಹೋಗಿ, ನಮ್ಮ ಕೈ ಕ್ಯಾರಿಯರಿಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತು. ಮಗನು ಹಿಂದಕ್ಕೆ ನೆಗೆದಿದ್ದನು. ಹ್ಯಾಂಡಲಿನ ತುದಿ ಅವನ ಮೊಣಕಾಲನ್ನು ತರಚಿಕೊಂಡು ಹೋಗಿ ನೆಲಕ್ಕೆ ಬಡಿಯಿತು. ಒಂದು ಗೇಣು ಮುಂದಕ್ಕೆ ನಿಂತಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ನಮ್ಮ ಲೇಖನಿ ಒಪ್ಪುವುದಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಆ ಕ್ಷಣದಲ್ಲಿ ನಮ್ಮ ಬಾಯಿಂದ ಬಂದ ಮೊದಲನೆಯ ಮಾತು "ಪೆಟ್ಟಾಯಿತೇ ಮಗೂ?" ಎಂದಲ್ಲ. "ಏಕೋ ಬಿಟ್ಟೆ? ಭದ್ರವಾಗಿ ಹಿಡಿದುಕೋ ಎಂದಿರಲಿಲ್ಲವೇ?" ಎಂದು ಗದರಿದೆವು. ಮಗನು ಬಿಳಿಚಿಕೊಂಡ ಮುಖದಿಂದ, "ನಾನು ಬಿಡಲಿಲ್ಲ ಅಪ್ಪಾ, ಅದೇ ಹೋಯಿತು" ಎಂದನು.

ಅಷ್ಟರಲ್ಲಿ ಸದ್ದು ಕೇಳಿ ಮನೆಯಾಕೆ ಬಾಗಿಲಿಗೆ ಬಂದರು. ಗಾಡಿಯ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಸೋರಿ ನೆಲದ ಮೇಲೆ ಅಡುಗೆಮನೆಯ ಕಡೆಗೆ ಹರಿಯುತ್ತಿತ್ತು. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಆಕೆ ಕೂಗಾಡಲಿಲ್ಲ. ಹಿಂದಿರುಗಿ ಒಲೆಯನ್ನು ಆರಿಸಿ, ಸಿಲಿಂಡರಿನ ಗುಂಡಿಯನ್ನೂ ತಿರುಗಿಸಿ, ದೇವರ ಮನೆಯ ದೀಪವನ್ನು ಶಾಂತಮಾಡಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, "ಯಾರೂ ಸ್ವಿಚ್ಚು ಮುಟ್ಟಬೇಡಿ" ಎಂದು ಹೇಳಿ, ಮಗನನ್ನು ಹೊರಗೆ ಕಳುಹಿಸಿ, ಆಮೇಲೆ ನೆರೆಯವರನ್ನು ಕರೆದು ನಮ್ಮ ಕೈಯನ್ನು ಬಿಡಿಸಿದರು. ಇವೆಲ್ಲವೂ ಎರಡು ನಿಮಿಷಗಳಲ್ಲಿ ನಡೆದುವು. ಆ ದಿನ ನಮ್ಮ ಮನೆ ಉಳಿದದ್ದು ಆಕೆಯ ಸಮಯಪ್ರಜ್ಞೆಯಿಂದ.

ಮಣಿಕಟ್ಟಿಗೆ ಆರು ವಾರ ಕಟ್ಟು ಬಿದ್ದಿತು. ಆ ಬಿಡುವಿನಲ್ಲಿ, ಹಿಂದೆ ಜಾವಾ ಗಾಡಿಗಳ ಕೆಲಸದಲ್ಲಿಯೇ ಕೂದಲು ನೆರೆತ ನಮ್ಮ ಬೀದಿಯ ಮೇಸ್ತ್ರಿಯೊಬ್ಬರು ನೋಡಲು ಬಂದರು. ಶೆಡ್ಡಿಗೆ ಹೋಗಿ ಜ್ಯಾಕನ್ನೂ ಕೊಳವೆಯನ್ನೂ ನೆಲವನ್ನೂ ನೋಡಿಕೊಂಡು ಬಂದು ನಗುತ್ತಾ, "ಎತ್ತಿದ್ದು ಸರಿ ಸ್ವಾಮಿ. ನಿಲ್ಲಿಸಿದ್ದು ಯಾವುದು?" ಎಂದರು. "ಮಗ ಹಿಡಿದುಕೊಂಡಿದ್ದ" ಎಂದೆವು. ಅವರ ನಗು ಅಡಗಿತು. "ಮಗೂನ ಗೂಟ ಮಾಡ್ಕೊಂಡ್ರಾ ಸ್ವಾಮಿ?" ಎಂದಷ್ಟೇ ಹೇಳಿ ಸುಮ್ಮನಾದರು. ಮುಂದೆ ಹೇಳುವ ವಿಷಯಗಳಲ್ಲಿ ಬಹುಪಾಲು ಆ ಮೇಸ್ತ್ರಿಗಳಿಂದ ಕಲಿತವು. ಉಳಿದುವು ನಾವು ಓದಿ, ಲೆಕ್ಕಹಾಕಿ ತಿಳಿದುಕೊಂಡವು.

ಮೊದಲು ತೂಕದ ವಿಷಯ. ಜ್ಯಾಕಿನ ಮೇಲೆ ಬರೆದಿರುವ ಸಂಖ್ಯೆ ಅದರ ಉಕ್ಕು ಎಷ್ಟು ಭಾರವನ್ನು ಹೊರಬಲ್ಲುದೆಂಬುದನ್ನು ಹೇಳುತ್ತದೆಯೇ ಹೊರತು, ಆ ಭಾರ ಹೊರಳದೆ ನಿಲ್ಲುವುದೇ ಎಂಬುದನ್ನು ಹೇಳುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಗುರುತ್ವಕೇಂದ್ರವುಂಟು. ಅದರ ತೂಕವೆಲ್ಲ ಆ ಒಂದು ಬಿಂದುವಿನಲ್ಲಿ ಸೇರಿದಂತೆ ಎಣಿಸಬಹುದು. ಆ ಬಿಂದುವಿನಿಂದ ತೂಗುಗುಂಡನ್ನು ಇಳಿಬಿಟ್ಟರೆ ಅದು ಪೀಠದೊಳಗೆ ಬೀಳುವವರೆಗೆ ವಸ್ತು ನಿಲ್ಲುವುದು. ಪೀಠದ ಹೊರಗೆ ಬಿದ್ದೊಡನೆ ಉರುಳುವುದು. ಒಂದು ಉದಾಹರಣೆಯನ್ನು ನೋಡಿರಿ. ಜ್ಯಾಕಿನ ಪೀಠದ ಅಗಲ 30 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಎಂದರೆ ನಡುವಿನಿಂದ ಅಂಚಿಗೆ 15. ಗಾಡಿ ಕೆಳಗಿದ್ದಾಗ ಅದರ ಗುರುತ್ವಕೇಂದ್ರ ನೆಲದಿಂದ 50 ಸೆಂಟಿಮೀಟರು ಎತ್ತರದಲ್ಲಿದ್ದರೆ, ಸುಮಾರು 17 ಡಿಗ್ರಿ ವಾಲುವವರೆಗೂ ಅದು ಬೀಳುವುದಿಲ್ಲ. ಅದನ್ನೇ 90 ಸೆಂಟಿಮೀಟರಿಗೆ ಎತ್ತಿದರೆ ಹತ್ತು ಡಿಗ್ರಿ ವಾಲುವ ಮೊದಲೇ ಉರುಳುವುದು. ಗಾಡಿಯೂ ಅದೇ, ಜ್ಯಾಕೂ ಅದೇ. ಎತ್ತರ ಹೆಚ್ಚಿದಂತೆ ಭದ್ರತೆ ಅರ್ಧಕ್ಕೆ ಇಳಿಯಿತು. ಆದುದರಿಂದ ಕೆಲಸಕ್ಕೆ ಬೇಕಾದುದಕ್ಕಿಂತ ಒಂದು ಅಂಗುಲ ಕೂಡ ಹೆಚ್ಚಾಗಿ ಎತ್ತಬಾರದು. ಚಕ್ರ ಕಳಚುವುದಕ್ಕೆ ಅದು ನೆಲದಿಂದ ನಾಲ್ಕು ಬೆರಳು ಮೇಲೆದ್ದರೆ ಸಾಕಾಗಿರುವಾಗ ನಾವು ಸ್ಟೂಲಿನ ಸುಖಕ್ಕಾಗಿ ಗಾಡಿಯನ್ನು ಗಗನಕ್ಕೇರಿಸಿದ್ದೆವು.

ಎರಡನೆಯದು ಬಿಗಿಯಾದ ನಟ್ಟಿನ ವಿಷಯ. ಸ್ಪ್ಯಾನರಿಗೆ ಕೊಡುವ ಬಲವು ನಟ್ಟಿಗೆ ಮಾತ್ರ ತಾಗುವುದಿಲ್ಲ. ಇಡೀ ಗಾಡಿಗೆ ತಾಗುತ್ತದೆ. ನೆಲದ ಮೇಲೆ ನಿಂತ ಗಾಡಿಯನ್ನು ನೆಲವೇ ಹಿಡಿದಿರುತ್ತದೆ. ಜ್ಯಾಕಿನ ಮೇಲಿರುವ ಗಾಡಿಗೆ ಆ ಹಿಡಿತವಿಲ್ಲ. ಆದುದರಿಂದ ಬಿಗಿಯಾದ ನಟ್ಟುಗಳನ್ನೆಲ್ಲ ಗಾಡಿಯು ಎರಡು ಚಕ್ರಗಳ ಮೇಲೂ ನೆಲದಲ್ಲಿರುವಾಗಲೇ ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ನೆನೆಯಲು ಬಿಡಬೇಕು. ಮೇಲಕ್ಕೆತ್ತಿದ ಮೇಲೆ ಕೈಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿರಬೇಕು. ಕೆಲಸ ಮುಗಿದ ಮೇಲೆ ಕೊನೆಯ ಬಿಗಿತವನ್ನೂ ಹಾಗೆಯೇ ಗಾಡಿಯನ್ನು ಇಳಿಸಿದ ನಂತರ ಕೊಡಬೇಕು. ಈ ಒಂದು ನಿಯಮವನ್ನು ನಾವು ಬಲ್ಲವರಾಗಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ.

ಮೂರನೆಯದು, ಗಾಡಿಯ ತೂಕ ಒಂದೇ ಕಡೆ ನಿಲ್ಲುವುದಿಲ್ಲವೆಂಬುದು. ತಕ್ಕಡಿಯ ಒಂದು ತಟ್ಟೆಯಿಂದ ಬೆಲ್ಲದ ಉಂಡೆಯನ್ನು ತೆಗೆದರೆ ಇನ್ನೊಂದು ತಟ್ಟೆ ಕೆಳಗಿಳಿಯುವುದನ್ನು ಎಲ್ಲರೂ ನೋಡಿದ್ದೇವೆ. ಹಿಂದಿನ ಚಕ್ರವನ್ನು ತೆಗೆದರೆ ಗಾಡಿಯ ಮೂತಿ ಕೆಳಗಾಗುವುದು. ಮುಂದಿನ ಚಕ್ರವನ್ನು ತೆಗೆದರೆ ಹಿಂಭಾಗ ಕುಸಿಯುವುದು. ಎಂಜಿನ್ನನ್ನೇ ಇಳಿಸಿದರೆ ಕೇಳುವುದೇ ಬೇಡ. ಮೊದಲು ಸಮತೂಕವಾಗಿ ನಿಂತಿದ್ದ ಗಾಡಿ ನಡುವೆ ಮೋಸ ಮಾಡುವುದು ಹೀಗೆ. ಆದುದರಿಂದ ಯಾವ ಭಾಗವನ್ನು ತೆಗೆಯಬೇಕೋ ಅದನ್ನು ಮೊದಲೇ ನಿಶ್ಚಯಿಸಿ, ತೆಗೆದ ಮೇಲೆ ಯಾವ ಕಡೆ ಭಾರವಾಗುವುದೋ ಆ ಕಡೆಗೆ ಮರದ ದಿಮ್ಮಿಯ ಆಸರೆಯನ್ನು ಮುಂಚಿತವಾಗಿಯೇ ಕೊಟ್ಟಿರಬೇಕು. ಜ್ಯಾಕಿನ ಹಲಗೆ ಚೌಕಟ್ಟಿನ ಗಟ್ಟಿಯಾದ ಕೊಳವೆಗಳಿಗೆ ತಾಗಬೇಕು. ಹೊಗೆ ಕೊಳವೆಗಾಗಲಿ ಎಂಜಿನ್ನಿನ ಎಣ್ಣೆ ತೊಟ್ಟಿಗಾಗಲಿ ತಾಗಬಾರದು. ಎಣ್ಣೆ ತೊಟ್ಟಿ ಒಡೆದು, ರಿಪೇರಿಗೆ ಕೂತವರು ಹೊಸ ರಿಪೇರಿಯನ್ನು ತಂದುಕೊಂಡದ್ದುಂಟು.

ಇನ್ನು ಕೆಲವರು ಎಣ್ಣೆಯ ಒತ್ತಡದಿಂದ ಏಳುವ ಹೈಡ್ರಾಲಿಕ್ ಮೇಜುಗಳನ್ನು ತರಿಸುತ್ತಾರೆ. ಇದರ ತತ್ತ್ವವನ್ನು ತಿಳಿಸಿಕೊಟ್ಟವನು ಫ್ರಾನ್ಸ್ ದೇಶದ ಬ್ಲೇಸ್ ಪ್ಯಾಸ್ಕಲ್ (1623–1662). ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಅವನು ತೋರಿಸಿದನು. ಅದನ್ನು ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಸನ್ನದು ಪಡೆದನು. ಒಂದು ಚದರ ಸೆಂಟಿಮೀಟರಿನ ಸಣ್ಣ ಕೊಂತದ ಮೇಲೆ 10 ಕಿಲೋ ಬಲ ಹಾಕಿದರೆ, 20 ಚದರ ಸೆಂಟಿಮೀಟರಿನ ದೊಡ್ಡ ಕೊಂತ 200 ಕಿಲೋ ಎತ್ತುವುದು. ಅದಕ್ಕೆ ಬೆಲೆಯಾಗಿ, ದೊಡ್ಡದು ಒಂದು ಸೆಂಟಿಮೀಟರು ಏರಬೇಕಾದರೆ ಸಣ್ಣದು ಒಟ್ಟು 20 ಸೆಂಟಿಮೀಟರು ಚಲಿಸಬೇಕು. ಆದುದರಿಂದಲೇ ಪೆಡಲನ್ನು ಮತ್ತೆ ಮತ್ತೆ ತುಳಿಯಬೇಕಾಗುವುದು. ಇದೊಂದು ಅದ್ಭುತವೇ ಸರಿ. ಆದರೆ ಆ ಎಣ್ಣೆಯನ್ನು ಒಳಗೆ ತಡೆದಿರುವುದು ಒಂದು ರಬ್ಬರಿನ ಬಳೆ. ಬಳೆ ಸವೆದರೆ ಎಣ್ಣೆ ಜಿನುಗಿ ಮೇಜು ಯಾರಿಗೂ ತಿಳಿಯದಂತೆ ಇಳಿಯುತ್ತಾ ಬರುವುದು. ಬಿಡುಗಡೆಯ ಪೆಡಲಿಗೆ ಕಾಲು ತಾಗಿದರೆ ಒಮ್ಮೆಗೇ ಇಳಿಯುವುದು. ಆದುದರಿಂದ ಎಣ್ಣೆ ಎತ್ತುವುದಕ್ಕೆ, ಉಕ್ಕು ನಿಲ್ಲಿಸುವುದಕ್ಕೆ. ಇಂತಹ ಮೇಜುಗಳಲ್ಲಿ ಅಡ್ಡಲಾಗಿ ತೂರಿಸುವ ಒಂದು ಉಕ್ಕಿನ ಸರಳು ಅಥವಾ ತಡೆಯಿರುತ್ತದೆ. ಅದನ್ನು ಹಾಕಿ, ಮೇಜಿನ ಭಾರ ಅದರ ಮೇಲೆ ಕುಳಿತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೈಯನ್ನು ಕೆಳಗೆ ಚಾಚಬೇಕು. "ಐದೇ ನಿಮಿಷದ ಕೆಲಸ, ಸರಳೇಕೆ?" ಎಂಬ ಮಾತು ಅಪಘಾತದ ಮುನ್ನುಡಿ.

ಮೇಜಿಗೆ ಗಾಡಿಯನ್ನು ಹತ್ತಿಸುವಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಉತ್ಸಾಹಿಗಳು ಗಾಡಿಯ ಮೇಲೆ ಕುಳಿತು ಎಂಜಿನ್ನು ನಡೆಸಿಕೊಂಡೇ ಇಳಿಜಾರು ಹಲಗೆಯ ಮೇಲೆ ಏರಿಸುತ್ತಾರೆ. ಮೇಲೆ ಹೋಗಿ ನಿಂತೊಡನೆ ಅಭ್ಯಾಸಬಲದಿಂದ ಎಡಗಾಲನ್ನು ಕೆಳಗೆ ಊರುತ್ತಾರೆ. ಅಲ್ಲಿ ನೆಲವೇ ಇರುವುದಿಲ್ಲ! ಮೇಜು ಕಿರಿದು, ಕಾಲು ಅಂತರಿಕ್ಷದಲ್ಲಿ, ಗಾಡಿ ಕಾಲಿನ ಮೇಲೆ. ಗಾಡಿಯನ್ನು ಹತ್ತಿಸಬೇಕಾದುದು ಎಂಜಿನ್ನು ನಿಲ್ಲಿಸಿ, ಪಕ್ಕದಲ್ಲಿ ನಡೆಯುತ್ತಾ, ಇಬ್ಬರು ದೊಡ್ಡವರು ಸೇರಿ ತಳ್ಳಿ. ಮುಂದಿನ ಚಕ್ರವನ್ನು ಮೇಜಿನ ಇಕ್ಕಳದಲ್ಲಿ ಬಿಗಿದು, ನಾಲ್ಕು ಮೂಲೆಗೂ ಪಟ್ಟಿಗಳನ್ನು ಎಳೆದು ಕಟ್ಟಿದ ನಂತರವೇ ಪೆಡಲನ್ನು ತುಳಿಯಬೇಕು. ಪಟ್ಟಿಗಳ ತುದಿಯನ್ನು ಮೇಜಿಗೇ ಕಟ್ಟಬೇಕು, ನೆಲದ ಕೊಂಡಿಗಲ್ಲ. ನೆಲಕ್ಕೆ ಕಟ್ಟಿದರೆ ಮೇಜು ಏಳುವಾಗ ಪಟ್ಟಿಯೇ ಗಾಡಿಯನ್ನು ಪಕ್ಕಕ್ಕೆ ಎಳೆದುಬಿಡುವುದು.

ಹೊಸ ಮಾದರಿಯ ಗಾಡಿಗಳುಳ್ಳ ತರುಣರು ಹೆಚ್ಚಾಗಿ ಬಳಸುವುದು ಪ್ಯಾಡಕ್ ಸ್ಟ್ಯಾಂಡನ್ನು. ಇದು ಸನ್ನೆಗೋಲಿನಂತೆ ಕೆಲಸ ಮಾಡಿ ಹಿಂದಿನ ಚಕ್ರವನ್ನು ನೆಲದಿಂದ ಬಿಡಿಸುತ್ತದೆ. ಇದರ ಎರಡು ಕವಲುಗಳಲ್ಲಿ ಒಂದು ಸರಿಯಾಗಿ ಕೂತು ಇನ್ನೊಂದು ಜಾರಿದರೆ ಗಾಡಿ ಆಚೆಯ ಕಡೆಗೆ ಮಗುಚುವುದು. ಒಬ್ಬರು ಹ್ಯಾಂಡಲು ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿರಬೇಕು, ಇನ್ನೊಬ್ಬರು ಎರಡು ಕವಲುಗಳನ್ನೂ ನೋಡಿಕೊಂಡು ನಿಧಾನವಾಗಿ ಒತ್ತಬೇಕು, ಇಬ್ಬರೂ ದೊಡ್ಡವರಾಗಿರಬೇಕು. ಗಾಡಿಯ ಪಕ್ಕದ ಕಾಲನ್ನು ಮಡಿಸದೆ ಚಾಚಿಯೇ ಇಟ್ಟಿದ್ದರೆ ಒಂದು ಕಡೆಗಾದರೂ ಕಾವಲಿರುವುದು. ಮುಂದಕ್ಕೂ ಹಿಂದಕ್ಕೂ ಎರಡು ಸ್ಟ್ಯಾಂಡುಗಳಿದ್ದರೆ ಮೊದಲು ಹಿಂಭಾಗವನ್ನು ಎತ್ತಿ ಆಮೇಲೆ ಮುಂಭಾಗವನ್ನು ಎತ್ತಬೇಕು. ಇಳಿಸುವಾಗ ಮೊದಲು ಮುಂಭಾಗ, ಆಮೇಲೆ ಹಿಂಭಾಗ.

ಸ್ಟ್ಯಾಂಡಿನ ಮೇಲಿರುವ ಗಾಡಿಯ ಚೈನಿಗೆ ಎಣ್ಣೆ ಹಾಕಲು ಕೆಲವರು ಎಂಜಿನ್ನು ಚಾಲೂ ಮಾಡಿ, ಗೇರು ಹಾಕಿ, ಚಕ್ರ ತಾನೇ ತಿರುಗುತ್ತಿರಲು ಬಟ್ಟೆಯಿಂದ ಒರೆಸುತ್ತಾರೆ. ಇದರಷ್ಟು ಭಯಂಕರವಾದ ಅವಿವೇಕ ಇನ್ನೊಂದಿಲ್ಲ. ಬಟ್ಟೆಯ ಎಳೆ ಚೈನಿಗೆ ಸಿಕ್ಕಿ ಬೆರಳನ್ನೂ ಹಲ್ಲುಚಕ್ರದ ನಡುವೆ ಎಳೆದುಕೊಳ್ಳುವುದಕ್ಕೆ ಒಂದು ಕ್ಷಣ ಸಾಕು. ಹಾಗೆ ಬೆರಳು ಕಳೆದುಕೊಂಡವರು ಉಂಟು. ಹಳೆಯ ಜಾವಾದಲ್ಲಿ ಚೈನು ಪೂರ್ತಿಯಾಗಿ ತಗಡಿನ ಕವಚದೊಳಗೆ ಅಡಗಿರುತ್ತಿತ್ತು. ಇಂದಿನ ಅನೇಕ ಗಾಡಿಗಳಲ್ಲಿ ಅದು ಬಯಲಾಗಿದೆ. ಎಂಜಿನ್ನು ನಿಲ್ಲಿಸಿ, ಬೀಗದಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಚಕ್ರವನ್ನು ಕೈಯಿಂದಲೇ ತಿರುಗಿಸಿಕೊಂಡು ಈ ಕೆಲಸ ಮಾಡಬೇಕು. ಸೆರಗು, ಪಂಚೆಯ ತುದಿ, ಬಿಚ್ಚಿದ ಜಡೆ ಇವು ತಿರುಗುವ ಚಕ್ರದ ಬಳಿ ಸುಳಿಯಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನು ನಡೆಸುವುದೂ ಸಲ್ಲದು; ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದು ಸದ್ದಿಲ್ಲದೆ ಪ್ರಾಣವನ್ನು ತೆಗೆಯುವುದು.

ಹಣ ಉಳಿಸಲೆಂದು ತೊಲೆಗೆ ಹಗ್ಗ ಬಿಗಿದು ಗಾಡಿಯನ್ನು ತೂಗುಹಾಕುವವರಿಗೂ ಒಂದು ಮಾತು. ತೊಟ್ಟಿಲಿಗಾಗಿ ಹೊಡೆದ ಕೊಂಡಿ ಕೂಸನ್ನು ಹೊರುವುದಕ್ಕೆ. ಫ್ಯಾನಿಗಾಗಿ ಬಿಟ್ಟ ಕೊಂಡಿ ಫ್ಯಾನನ್ನು ಹೊರುವುದಕ್ಕೆ. ಹಳೆಯ ಮನೆಯ ತೊಲೆ ಒಳಗೆ ಗೆದ್ದಲು ತಿಂದು ಹೊರಗೆ ಬಣ್ಣದಿಂದ ಮಿನುಗುತ್ತಿರಬಹುದು. ಗಾಡಿಯೊಡನೆ ಸೂರೂ ಇಳಿದು ಬಂದರೆ ಅದನ್ನು ಎತ್ತುವ ಜ್ಯಾಕು ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ.

ಪೆಟ್ರೋಲಿನ ವಿಷಯವನ್ನು ಮನೆಯಾಕೆಯಿಂದಲೇ ನಾವು ಕಲಿತದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ನೀರಿನಂತೆ ಹರಿದು, ಹೊಸ್ತಿಲನ್ನು ದಾಟಿ, ದೂರದಲ್ಲಿರುವ ದೀಪವನ್ನೋ ಒಲೆಯನ್ನೋ ಹುಡುಕಿಕೊಂಡು ಹೋಗುವುದು. ಗಾಡಿಯನ್ನು ಎತ್ತುವ ಮೊದಲು ಟ್ಯಾಂಕಿನಲ್ಲಿರುವುದನ್ನು ಆದಷ್ಟು ಕಡಮೆ ಮಾಡಿ, ನಲ್ಲಿಯಿದ್ದರೆ ಮುಚ್ಚಿ, ಬ್ಯಾಟರಿಯ ತಂತಿಯನ್ನು ಬಿಡಿಸಬೇಕು. ಹತ್ತಿರದಲ್ಲಿ ಅಗರಬತ್ತಿ, ಬೀಡಿ, ಸ್ನಾನದ ನೀರು ಕಾಯಿಸುವ ಒಲೆ ಯಾವುದೂ ಇರಬಾರದು. ಒಂದು ಬಕೆಟ್ಟು ಮರಳು ಕೈಗೆಟುಕುವಂತಿರಲಿ. ಚೆಲ್ಲಿದರೆ ಸ್ವಿಚ್ಚುಗಳನ್ನು ಹಾಕಲೂಬಾರದು, ಆರಿಸಲೂಬಾರದು. ಅವುಗಳೊಳಗೆ ಕಿಡಿ ಹುಟ್ಟುವುದು. ನೆಲವನ್ನು ಒರೆಸಿದ ಬಟ್ಟೆಯನ್ನು ಒಳಗಿಡದೆ ಬಯಲಿನಲ್ಲಿ ಒಣಗಿಸಬೇಕು.

ಇಳಿಸುವಾಗಲೂ ಎತ್ತುವಾಗಿನಷ್ಟೇ ಎಚ್ಚರಿಕೆ ಬೇಕು. ಕೆಲಸ ಮುಗಿಯಿತೆಂಬ ಸಮಾಧಾನದಿಂದ ಮನಸ್ಸು ಸಡಿಲವಾಗುವುದು ಆಗಲೇ. ಬಗ್ಗಿ ಕೆಳಗೆ ನೋಡಬೇಕು. ಸ್ಪ್ಯಾನರು ಇದ್ದೀತು, ಬೆಕ್ಕು ಮಲಗಿದ್ದೀತು, ನಮ್ಮ ಪಾದವೇ ಇದ್ದೀತು. ಪೂರ್ತಿ ಇಳಿಯುವವರೆಗೆ ಪಟ್ಟಿಗಳನ್ನು ಬಿಚ್ಚಬಾರದು.

ಇಷ್ಟೆಲ್ಲ ಮಾಡಿಯೂ ಗಾಡಿ ಬೀಳತೊಡಗಿದರೆ ಮಾಡಬೇಕಾದುದು ಒಂದೇ: ಕೈಬಿಟ್ಟು ಹಿಂದಕ್ಕೆ ಸರಿಯುವುದು. ಇದು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಪ್ರೀತಿಯಿಂದ ಕಾಪಾಡಿದ ವಸ್ತು ಬೀಳುವಾಗ ಕೈ ತಾನಾಗಿಯೇ ಮುಂದೆ ಹೋಗುವುದು. ಆದುದರಿಂದ ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. 150 ಕಿಲೋ ತೂಕದ ಗಾಡಿ ಮುಕ್ಕಾಲು ಮೀಟರು ಎತ್ತರದಿಂದ ಬಿದ್ದರೆ, ಅದರ ಹೊಡೆತ 50 ಕಿಲೋ ಅಕ್ಕಿಯ ಮೂಟೆ ಎರಡೂಕಾಲು ಮೀಟರು ಎತ್ತರದಿಂದ ಬಿದ್ದ ಹೊಡೆತಕ್ಕೆ ಸಮ. ಅಟ್ಟದಿಂದ ಬೀಳುವ ಮೂಟೆಗೆ ಯಾರಾದರೂ ಕೈ ಒಡ್ಡುವರೇ? ತಗಡು ನೆಗ್ಗಿದರೆ ತಟ್ಟಿ ಸರಿಮಾಡಬಹುದು. ಒಂದು ವೇಳೆ ಯಾರಾದರೂ ಗಾಡಿಯ ಕೆಳಗೆ ಸಿಕ್ಕಿಕೊಂಡರೆ ಅವರನ್ನು ಎಳೆಯಬಾರದು. ನಾಲ್ಕು ಜನ ಸೇರಿ ಗಾಡಿಯನ್ನು ಎತ್ತಬೇಕು, ಒಡನೆಯೇ 108ಕ್ಕೆ ಕರೆಮಾಡಬೇಕು. ಈ ಕೆಲಸವನ್ನು ಮನೆಯಲ್ಲಿ ಯಾರೂ ಇಲ್ಲದಿರುವಾಗ ಒಬ್ಬರೇ ಮಾಡಬಾರದೆಂಬುದೂ ಇದಕ್ಕಾಗಿಯೇ.

ಕೊನೆಗೆ ಮಕ್ಕಳ ಮಾತು. ನಮ್ಮ ಕೈ ಕೂಡಿಕೊಂಡಿತು. ಆದರೆ ಮಗನು ಶೆಡ್ಡಿನ ಕಡೆಗೆ ಬರುವುದನ್ನೇ ಬಿಟ್ಟಿದ್ದನು. ಕರೆದರೆ, "ಬೇಡ ಅಪ್ಪಾ, ನಾನು ಬಿಟ್ಟುಬಿಡುತ್ತೇನೆ" ಎನ್ನುವನು. ತಾನೇ ಗಾಡಿಯನ್ನು ಬೀಳಿಸಿದೆನೆಂದೂ ಅಪ್ಪನ ಕೈಯನ್ನು ಮುರಿದೆನೆಂದೂ ಅವನ ಮನಸ್ಸಿನಲ್ಲಿ ಬೇರೂರಿತ್ತು. ಅದನ್ನು ನೆಟ್ಟವರು ನಾವೇ. ಒಂದು ಸಂಜೆ ಅವನನ್ನು ಹತ್ತಿರ ಕೂರಿಸಿಕೊಂಡು, ಬೆಂಕಿಪೊಟ್ಟಣದ ಮೇಲೆ ಅವನ ಆಟಿಕೆಯ ಗಾಡಿಯನ್ನು ನಿಲ್ಲಿಸಿ, ಒಂದು ಕಡ್ಡಿಯಿಂದ ಪಕ್ಕಕ್ಕೆ ತಳ್ಳಿ ತೋರಿಸಿದೆವು. ಮೊದಲು ಪೊಟ್ಟಣವನ್ನು ಮಲಗಿಸಿ, ಆಮೇಲೆ ನಿಲ್ಲಿಸಿ. ಎತ್ತರವಾದಂತೆ ಗಾಡಿ ಬೇಗ ಉರುಳುವುದನ್ನು ಅವನು ಕಣ್ಣರಳಿಸಿ ನೋಡಿದನು. "ಅದನ್ನು ಯಾರು ಹಿಡಿದಿದ್ದರೂ ನಿಲ್ಲುತ್ತಿರಲಿಲ್ಲ. ತಪ್ಪು ನನ್ನದು, ನಿನ್ನನ್ನು ಬೈದದ್ದು ಇನ್ನೂ ದೊಡ್ಡ ತಪ್ಪು" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮುಂದಿನ ಸಲ ಯಾರು ಹಿಡಿಯುವುದು?" ಎಂದು ಕೇಳಿದನು. ಮೇಸ್ತ್ರಿಗಳ ಪ್ರಶ್ನೆಯೇ ಅವನ ಬಾಯಿಂದಲೂ ಬಂದಿತು.

ಈಗ ನಮ್ಮ ಶೆಡ್ಡಿನ ಎರಡು ಗೋಡೆಗಳಿಗೂ ನೆಲಮಟ್ಟದಲ್ಲಿ ಕಬ್ಬಿಣದ ಬಳೆಗಳನ್ನು ಗಾರೆಯಲ್ಲಿ ಹೂಳಿಸಿದ್ದೇವೆ. ಗಾಡಿಯನ್ನು ನಾಲ್ಕು ಬೆರಳು ಮಾತ್ರ ಎತ್ತಿ, ದಿಮ್ಮಿಗಳ ಮೇಲೆ ಕೂರಿಸಿದ ಮೇಲೆ ಎರಡು ಕಡೆಗೂ ಪಟ್ಟಿಯಿಂದ ಬಿಗಿಯುತ್ತೇವೆ. ಇಳಿಸುವಾಗ ನೆರೆಯವರೊಬ್ಬರು ಬಂದು ಹಿಡಿಯುತ್ತಾರೆ. ಮಗನಿಗೂ ಒಂದು ಅಧಿಕಾರವನ್ನು ಕೊಟ್ಟಿದ್ದೇವೆ. ಕೆಲಸ ಆರಂಭವಾಗುವ ಮೊದಲು ಅವನು ಗಾಡಿಯಿಂದ ಎರಡು ಮೀಟರು ದೂರದಲ್ಲಿ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ದಿಮ್ಮಿ, ಪಟ್ಟಿ, ನಲ್ಲಿ, ಮರಳು ಎಂದು ಒಂದೊಂದಾಗಿ ಕೂಗಿ ನಮ್ಮಿಂದ "ಆಯಿತು" ಎನ್ನಿಸಿಕೊಳ್ಳಬೇಕು. ಗೆರೆಯೊಳಕ್ಕೆ ಅವನೂ ಬರುವಂತಿಲ್ಲ, ಬೇರೆ ಮಕ್ಕಳನ್ನು ಬಿಡುವಂತೆಯೂ ಇಲ್ಲ. ಹೋದ ತಿಂಗಳು ನಾವು ಆತುರದಲ್ಲಿ ನಲ್ಲಿ ಮುಚ್ಚುವುದನ್ನು ಮರೆತಿದ್ದೆವು. ಗೆರೆಯ ಆಚೆಯಿಂದ, "ಅಪ್ಪಾ, ನಲ್ಲಿಗೆ ಆಯಿತು ಎನ್ನಲಿಲ್ಲ" ಎಂದು ಅವನು ಗದರಿದನು. ನಾವು ಸ್ಪ್ಯಾನರನ್ನು ಕೆಳಗಿಟ್ಟು ನಲ್ಲಿಯನ್ನು ಮುಚ್ಚಿದೆವು.